ಸಂಗಣ್ಣನ ಸ್ಟ್ಯಾಂಡರ್ಡ್ ಪೀಸು

ಉಕ್ಕಿನ ಕೊಳವೆಯ ಹೊಟ್ಟೆಯೊಳಗೆ ಏನಿದೆ ಎಂದು ಹೊರಗಿನಿಂದಲೇ ಹೇಳುವ ವಿದ್ಯೆ ಸಂಗಣ್ಣನಿಗೆ ಗೊತ್ತಿತ್ತು. ತನ್ನ ಹೊಟ್ಟೆಯೊಳಗೆ ಏನಿದೆ ಎಂಬುದೊಂದು ಗೊತ್ತಿರಲಿಲ್ಲ. ಈ ಕಥೆಗೆ ಅಷ್ಟೇ ಕಾರಣ. ಉಳಿದದ್ದಕ್ಕೆಲ್ಲ ಈ ಕಥೆ ಹೇಳುತ್ತಿರುವ ನಾನೇ ಕಾರಣ ಎಂದು ಅವನ ಹೆಂಡತಿ ಶಾಂಭವಿ ಹೇಳುತ್ತಾಳೆ. ಅದನ್ನು ನೀವು ನಂಬಬೇಕಾಗಿಲ್ಲ.

ನಾನು ತಿಪ್ಪೇಸ್ವಾಮಿ, ಚಳ್ಳಕೆರೆ ಕಡೆಯವನು. ಸಂಗಣ್ಣ ಲಿಂಗಸುಗೂರಿನವನು. ಇಬ್ಬರೂ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ದುಡಿದು, ಒಂದೇ ತಿಂಗಳಲ್ಲಿ ನಿವೃತ್ತರಾಗಿ, ಸಿಕಂದರಾಬಾದಿನಾಚೆ ಒಂದೇ ಗಲ್ಲಿಯಲ್ಲಿ ಅಕ್ಕಪಕ್ಕ ಮನೆ ಮಾಡಿಕೊಂಡವರು. ನಾನು ಸ್ಟೋರ್ಸಿನಲ್ಲಿದ್ದೆ, ಅವನು ತಪಾಸಣೆ ವಿಭಾಗದಲ್ಲಿ. ಕೊಳವೆಯ ಮೇಲೆ ಗಂಜಿಯಂಥದ್ದನ್ನು ಬಳಿದು, ಹೆಬ್ಬೆರಳು ಗಾತ್ರದ ಪ್ರೋಬನ್ನು ಅದರ ಮೇಲೆ ಆಡಿಸಿ, ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ಅದು ತಿರುಗಿ ಬಂದ ಬಗೆಯನ್ನು ಪರದೆಯ ಮೇಲೆ ನೋಡಿ, ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುವುದು ಅವನ ಕೆಲಸ. ಬಿರುಕಿದ್ದರೆ ಕೆಂಪು ಬಣ್ಣ, ರಿಜೆಕ್ಟು. ಇಲ್ಲದಿದ್ದರೆ ಹಸಿರು ಬಣ್ಣ, ಪಾಸು. ಅವನು ರಿಜೆಕ್ಟು ಎಂದದ್ದನ್ನು ಪಾಸು ಮಾಡಿಸುವುದು ಜನರಲ್ ಮ್ಯಾನೇಜರರ ಕೈಯಲ್ಲೂ ಆಗುತ್ತಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತರೂ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿಯೇ ಮುರಿಯುವ ಮನುಷ್ಯ.

ನಮ್ಮಿಬ್ಬರಿಗೂ ಗೊತ್ತಿದ್ದ ಇನ್ನೊಂದು ವಿದ್ಯೆಯೆಂದರೆ ಕನ್ನಡ. ಊರಲ್ಲಿ ಅದು ಎಲ್ಲರಿಗೂ ಗೊತ್ತು, ಹಾಗಾಗಿ ಅಲ್ಲಿ ಅದಕ್ಕೆ ಅಂಥ ಉಪಯೋಗವಿಲ್ಲ. ಹೈದರಾಬಾದಿನಲ್ಲಿ ಅದು ಗುಪ್ತ ಭಾಷೆ. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಅಂಗಡಿಯವನ ಕಣ್ಣೆದುರೇ ಕೂತು, ಇವನು ಇನ್ನೂ ಇಳಿಯುತ್ತಾನೆ, ಎದ್ದು ಹೋದ ಹಾಗೆ ಮಾಡು ಎಂದು ಗಟ್ಟಿಯಾಗಿಯೇ ಮಾತಾಡಿಕೊಳ್ಳಬಹುದು. ಬಸ್ಸಿನಲ್ಲಿ ಪಕ್ಕದವನ ಮೀಸೆಯ ಬಗ್ಗೆ ನಿಲ್ದಾಣ ಬರುವವರೆಗೂ ಚರ್ಚಿಸಬಹುದು. ಮೂವತ್ತಮೂರು ವರ್ಷದಲ್ಲಿ ಒಂದು ಸಲವೂ ಯಾರೂ ನಮ್ಮನ್ನು ಹಿಡಿದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿವೃತ್ತಿಯಾದ ಎರಡನೆಯ ವರ್ಷ ಸಂಗಣ್ಣ ಮಾತಿನ ನಡುವೆ ಎದ್ದು ಹೋಗತೊಡಗಿದ. ಚಹಾದ ಕಪ್ಪು ಕೆಳಗಿಟ್ಟು ಹೋಗುವನು, ಬಂದು ಆರಿದ ಚಹಾ ಕುಡಿಯುವನು, ಮತ್ತೆ ಹೋಗುವನು. ಅಬಿಡ್ಸಿಗೆ ಹೋಗೋಣವೆಂದರೆ ಬಸ್ಸು ಬೇಡ, ಆಟೋ ಇರಲಿ ಎನ್ನುವನು. ಆಟೋ ಹತ್ತಿದರೆ ದಾರಿಯಲ್ಲಿ ಎರಡು ಕಡೆ ನಿಲ್ಲಿಸುವನು. ಇಂಥದ್ದನ್ನು ನಾನು ಬೇಗ ಗಮನಿಸುತ್ತೇನೆ. ಸುಲ್ತಾನ್ ಬಜಾರಿನಿಂದ ಅಬಿಡ್ಸಿನವರೆಗೆ ಯಾವ ಹೋಟೆಲಿನವರು ಚಹಾ ಕುಡಿಯದಿದ್ದರೂ ಹಿತ್ತಲಿಗೆ ಬಿಡುತ್ತಾರೆ, ಯಾವ ಅಂಗಡಿಯ ಮಹಡಿಯಲ್ಲಿ ಬಚ್ಚಲಿನ ಕೀಲಿ ಕೇಳಿ ತೆಗೆದುಕೊಳ್ಳಬೇಕು, ಎಲ್ಲ ನನಗೆ ಬಾಯಿಪಾಠ. ಮನುಷ್ಯನಿಗೆ ಸಾಮಾನ್ಯ ಜ್ಞಾನ ಇರಬೇಕು, ಅಷ್ಟೇ. ನನ್ನ ಆ ಜ್ಞಾನದಿಂದ ಸಂಗಣ್ಣನಿಗೆ ಬಹಳ ಉಪಕಾರವಾಯಿತು.

ಕೊನೆಗೊಂದು ದಿನ, ಹೆಂಡತಿಗೆ ಅಂಚೆ ಕಚೇರಿಯಲ್ಲಿ ಕೆಲಸವಿದೆ ಎಂದು ಹೇಳಿ, ನನ್ನನ್ನು ಜೊತೆಗೆ ಕರೆದುಕೊಂಡು ಅಬಿಡ್ಸಿನ ಡಾಕ್ಟರರಲ್ಲಿಗೆ ಹೋದ. ಡಾಕ್ಟರು ನಾಲ್ಕು ಪ್ರಶ್ನೆ ಕೇಳಿದರು. ಗಂಡಸರಿಗೆ ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ, ವಯಸ್ಸಾದಂತೆ ದಪ್ಪವಾಗುವುದುಂಟು, ಹೆದರಬೇಡಿ, ಒಂದು ಅಲ್ಟ್ರಾಸೌಂಡ್ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಅಲ್ಟ್ರಾಸೌಂಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಂಗಣ್ಣನ ಮುಖ ಅರಳಿತು. ಎಷ್ಟು ಮೆಗಾಹರ್ಟ್ಸಿನ ಪ್ರೋಬು ಬಳಸುತ್ತಾರೆ ಎಂದು ಕೇಳಿದ. ಡಾಕ್ಟರು ಅವನನ್ನು ಒಂದು ಗಳಿಗೆ ನೋಡಿ ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಅರಳಿದ ಮುಖ ಹೊರಗಿನ ಬೆಂಚಿನವರೆಗೆ ಮಾತ್ರ ಬಾಳಿತು. ಅಲ್ಲಿ ಕೂತಿದ್ದ ಒಬ್ಬ ಹಿರಿಯರು ಚೀಟಿ ನೋಡಿ ತಾವಾಗಿಯೇ ಮಾತಿಗೆ ಬಂದರು. ತಮ್ಮದು ಹೋದ ವರ್ಷ ಆಯಿತೆಂದೂ, ಪ್ರೋಬು ಹೊಟ್ಟೆಯ ಮೇಲೆ ಆಡುವಂಥದ್ದಲ್ಲ, ಹಿಂದಿನಿಂದ ಒಳಗೆ ಹೋಗುವಂಥದ್ದೆಂದೂ, ಅದರ ಉದ್ದವನ್ನು ಎರಡು ಅಂಗೈಗಳ ನಡುವೆ ಹಿಡಿದು ತೋರಿಸುತ್ತಾ ವಿವರಿಸಿದರು. ಮಾತು ಮುಂದುವರಿದಂತೆ ಆ ಅಂಗೈಗಳು ದೂರವಾಗುತ್ತಾ ಹೋದವು. ಸಂಗಣ್ಣ ಚೀಟಿಯನ್ನು ಓದದೆಯೇ ನಾಲ್ಕಾಗಿ ಮಡಚಿ ಜೇಬಿಗಿಟ್ಟ.

ಸಂಗೀತ್ ಚೌರಸ್ತಾದಲ್ಲಿ ಸಂಗಣ್ಣ ಆಟೋ ನಿಲ್ಲಿಸಿ ಒಮ್ಮೆ ಇಳಿದು ಬಂದ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಸ್ವಾಮೇರ, ಇದು ನಿಮ್ಮ ನಮ್ಮ ನಡುವ ಇರ್ಲಿ. ಶಾಂಭವಿಗೆ ಗೊತ್ತಾತಂದ್ರ ನಾ ಮನ್ಯಾಗ ಮುಖಾ ತೋರ್ಸಾಂಗಿಲ್ಲ," ಎಂದ. ನಾಯಕನಹಟ್ಟಿ ಸ್ವಾಮಿಯ ಆಣೆ ಮಾಡಿ ಮಾತು ಕೊಟ್ಟೆ. ಗುಟ್ಟು ಕಾಯುವುದರಲ್ಲಿ ನನಗೆ ಸ್ವಲ್ಪ ಅನುಭವವಿದೆ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅದೇ ವಾರ ಸಂಜೆ ನಾವು ಗಲ್ಲಿಯ ಬೇವಿನಕಟ್ಟೆಯಲ್ಲಿ ಕೂತಿದ್ದಾಗ ಎದುರುಮನೆಯ ವಿಶಾಲಾಕ್ಷಿ ಮಾತು ತೆಗೆದಳು. ಆಕೆ ಬೀದರಿನವಳು. ಗಲ್ಲಿಯ ಸುದ್ದಿಯೆಲ್ಲ ಆಕೆಯ ಬಾಗಿಲನ್ನು ದಾಟಿಯೇ ಮುಂದೆ ಹೋಗಬೇಕು. ಜಹೀರಾಬಾದಿನಲ್ಲಿ ಹೈಸ್ಕೂಲ್ ಟೀಚರಾಗಿರುವ ಮಗಳು ಭಾಗ್ಯಶ್ರೀ ಐದು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಅವಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರೆ ಮೂರು ತಾಸು ಕೂಡಿಸಿದರು ಎಂದು ವಿಶಾಲಾಕ್ಷಿ ಹೇಳಿದಳು. ಸಂಗಣ್ಣನ ಬಾಯಿ ತಡೆಯಲಿಲ್ಲ.

"ಅದರಾಗೇನೈತಿ ವೈನಿ. ಮೂವತ್ತಮೂರು ವರ್ಷ ಮಾಡೀನಿ ಅದನ್ನ. ಮಷೀನೂ ಮನ್ಯಾಗ ಐತಿ," ಎಂದ.

ಹೇಳಿದ್ದು ಸುಳ್ಳಲ್ಲ. ಕಾರ್ಖಾನೆಯಲ್ಲಿ ಹಳೆಯದಾಯಿತೆಂದು ಹರಾಜಿಗೆ ಹಾಕಿದ ಲೋಹ ಪರೀಕ್ಷೆಯ ಮಷೀನನ್ನು ಅವನು ನಿವೃತ್ತಿಯ ನೆನಪಿಗೆ ಕೊಂಡು ತಂದಿದ್ದ. ನಿವೃತ್ತಿಯ ದಿನ ಹೊದಿಸಿದ ಶಾಲನ್ನು ಅದಕ್ಕೇ ಹೊದಿಸಿ ಅಲಮಾರಿನಲ್ಲಿಟ್ಟಿದ್ದ. ಆಯುಧಪೂಜೆಗೆ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಂಡು ಅದು ಮತ್ತೆ ಒಳಗೆ ಹೋಗುತ್ತಿತ್ತು. ಕಟ್ಟೆಯಿಂದ ಮನೆಗೆ ಬರುತ್ತಾ ಸಂಗಣ್ಣ ಗೇಟಿನ ಹತ್ತಿರ ನಿಂತು, ಶಬ್ದಕ್ಕೆ ಉಕ್ಕಾದರೇನು, ಮಾಂಸವಾದರೇನು ಎಂದು ನನ್ನನ್ನು ಕೇಳಿದ. ನಾನು ಸ್ಟೋರ್ಸಿನವನು. ಎರಡನ್ನೂ ತೂಕ ಹಾಕುವುದಷ್ಟೇ ನನಗೆ ಗೊತ್ತು.

ಗುರುವಾರ ಮಧ್ಯಾಹ್ನ ಶಾಂಭವಿಯೂ ನನ್ನ ಹೆಂಡತಿ ಸಾವಿತ್ರಿಯೂ ವಚನ ಹಾಡುವ ಬಳಗಕ್ಕೆ ಹೋಗುತ್ತಾರೆ. ಅವರು ಗಲ್ಲಿ ತಿರುಗಿದ ಕೂಡಲೇ ಸಂಗಣ್ಣ ನನ್ನನ್ನು ಕರೆದ. ನಡುಮನೆಯಲ್ಲಿ ಮಂಚ, ಪಕ್ಕದ ಸ್ಟೂಲಿನ ಮೇಲೆ ಶಾಲು ತೆಗೆದ ಮಷೀನು, ಒಂದು ಬಟ್ಟಲು ಅಕ್ಕಿಗಂಜಿ. ಧೋತರಕ್ಕೆ ಬೇಕೆಂದು ಹೇಳಿ ಹೆಂಡತಿಯ ಕೈಯಲ್ಲೇ ಗಂಜಿ ಮಾಡಿಸಿಟ್ಟಿದ್ದನಂತೆ. ನಾನು ಸಾಕ್ಷಿಗೆ ಬಂದಿದ್ದೇನೆ ಎಂದುಕೊಂಡಿದ್ದೆ. ಅವನು ನನಗೇ ಮಂಚ ತೋರಿಸಿದ.

ಅದು ಅವರ ವಿಭಾಗದ ಕಾಯಿದೆ. ಯಾವ ಕೊಳವೆಯನ್ನು ನೋಡುವುದಕ್ಕೂ ಮುಂಚೆ, ದೋಷವಿಲ್ಲವೆಂದು ಖಾತ್ರಿಯಿರುವ ಒಂದು ತುಂಡನ್ನು ನೋಡಬೇಕು. ಅದಕ್ಕೆ ಸ್ಟ್ಯಾಂಡರ್ಡ್ ಪೀಸು ಎನ್ನುತ್ತಾರೆ. ಮಷೀನನ್ನು ಅದಕ್ಕೆ ಸರಿಯಾಗಿ ಕೂಡಿಸಿಕೊಂಡು, ಆಮೇಲೆ ಉಳಿದದ್ದನ್ನು ಅದರೊಂದಿಗೆ ಹೋಲಿಸಬೇಕು. ಸ್ಟ್ಯಾಂಡರ್ಡ್ ಪೀಸು ಇಲ್ಲದೆ ಮಾಡಿದ ತಪಾಸಣೆ ತಪಾಸಣೆಯೇ ಅಲ್ಲ.

"ನಿಮಗೇನೂ ತ್ರಾಸಿಲ್ಲಲ್ರಿ?" ಎಂದು ಸಂಗಣ್ಣ ಪೆನ್ನು ಹಿಡಿದು ಕೇಳಿದ.

"ಏನೂ ಇಲ್ಲ," ಎಂದೆ.

ಅಷ್ಟು ಗಂಭೀರವಾಗಿ ಕೇಳಿದರೆ ಯಾರಾದರೂ ಹಾಗೇ ಹೇಳುತ್ತಾರೆ. ಅಂಗಿ ಮೇಲೆತ್ತಿ ಮಲಗಿದೆ. ಹೊಕ್ಕುಳಿನ ಕೆಳಗೆ ಗಂಜಿ ತಣ್ಣಗೆ ಹರಿಯಿತು. ಪ್ರೋಬು ಆಡಿದಂತೆ ಪರದೆಯ ಮೇಲೆ ಹಸಿರು ಗೆರೆ ಗುಡ್ಡಬೆಟ್ಟವಾಗಿ ಎದ್ದಿತು. ಸಂಗಣ್ಣ ಕಣ್ಣು ಕಿರಿದು ಮಾಡಿ ನೋಡಿ, ಆ ಗುಡ್ಡಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡು, ಕಾರ್ಖಾನೆಯಿಂದ ತಂದ ಉದ್ದನೆಯ ರಿಜಿಸ್ಟರಿನಲ್ಲಿ 'ಜಾಬ್ ಒಂದು, ಸ್ಟ್ಯಾಂಡರ್ಡ್, ದೋಷವಿಲ್ಲ, ಪಾಸು' ಎಂದು ಬರೆದ. ನನಗೆ ಏನೋ ಸಮಾಧಾನವಾಯಿತು. ಅಂಥ ಸರ್ಟಿಫಿಕೇಟು ಸಿಗದೆ ಬಹಳ ದಿನವಾಗಿತ್ತು.

ಆಮೇಲೆ ಅವನು ಮಲಗಿದ. ಪ್ರೋಬನ್ನು ತಾನೇ ಹಿಡಿದು, ಪರದೆಯನ್ನು ಕತ್ತು ಹೊರಳಿಸಿ ನೋಡಿದ. ಮೂರು ಸಲ ನೋಡಿದ. ಅವನ ಗುಡ್ಡಗಳು ನನ್ನ ಗುಡ್ಡಗಳ ಹಾಗೆ ಇರಲಿಲ್ಲ. ಎದ್ದು ಹೊಟ್ಟೆ ಒರೆಸಿಕೊಂಡು, ಕೆಂಪು ಪೆನ್ನು ತೆಗೆದು, 'ಜಾಬ್ ಎರಡು, ಸ್ಟ್ಯಾಂಡರ್ಡಿಗೆ ಹೊಂದುವುದಿಲ್ಲ, ರಿಜೆಕ್ಟು' ಎಂದು ಬರೆದು ಸಹಿ ಹಾಕಿದ.

"ಸ್ವಾಮೇರ, ರಿಜೆಕ್ಟಾದ ಪೈಪು ಎಲ್ಲಿ ಹೋಗ್ತೈತಿ ನಿಮಗ ಗೊತ್ತೈತಿ," ಎಂದ.

ನನಗೆ ಗೊತ್ತಿತ್ತು. ಹಿಂದಿನ ಗೇಟಿನ ಹತ್ತಿರದ ಗುಜರಿ ರಾಶಿಗೆ. ಅದರ ಚೀಟಿ ಬರೆಯುತ್ತಿದ್ದವನೇ ಸ್ಟೋರ್ಸಿನ ನಾನು. ಮಷೀನು ಮನುಷ್ಯರಿಗೆ ಮಾಡಿದ್ದಲ್ಲ, ಡಾಕ್ಟರರ ಸ್ಕ್ಯಾನು ಮಾಡಿಸೋಣ ಎಂದು ಹೇಳಿದೆ. ಹಿಂದಿನಿಂದ ಪ್ರೋಬು ಹಾಕಿಸಿಕೊಂಡು ರಿಜೆಕ್ಟಾಗುವುದಕ್ಕಿಂತ ಮನೆಯಲ್ಲೇ ಆದದ್ದು ಒಳ್ಳೆಯದು ಎಂದು ಅವನು ಗೋಡೆ ಕಡೆ ತಿರುಗಿ ಮಲಗಿದ. ನನಗೆ ನಿಜಕ್ಕೂ ಕೆಡುಕೆನಿಸಿತು.

ಕಿಟಕಿ ತೆರೆದಿತ್ತು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಎದುರುಮನೆಯ ವಿಶಾಲಾಕ್ಷಿಗೆ ಮಂಚ, ಬಟ್ಟಲು, ಪರದೆಯ ಹಸಿರು ಬೆಳಕು ಎಲ್ಲ ಕಂಡಿತ್ತು. ಮಲಗಿದವರು ಯಾರೆಂದು ಮಾತ್ರ ಕಂಡಿರಲಿಲ್ಲ, ಹೊಟ್ಟೆ ಒಂದೇ ಕಂಡಿತ್ತು. ನನ್ನ ಹೊಟ್ಟೆಯನ್ನು ನೋಡಿ ಆಕೆ ಏಳು ತಿಂಗಳೆಂದು ಅಂದಾಜು ಮಾಡಿದಳಂತೆ. ಮನೆಗೆ ಬಂದ ಮಗಳ ಮುಂದೆ, ಸಂಗಣ್ಣ ಮನೆಯಲ್ಲೇ ಸ್ಕ್ಯಾನಿಂಗ್ ಮಾಡುತ್ತಾನೆ, ನಿನ್ನ ಅತ್ತೆ ಗಂಡೋ ಹೆಣ್ಣೋ ಎಂದು ಜೀವ ತಿನ್ನುತ್ತಾಳಲ್ಲ, ಒಂದು ಸಲ ಕೇಳಿ ನೋಡೋಣವೇ ಎಂದಳು. ಭಾಗ್ಯಶ್ರೀ ಊಟದ ತಟ್ಟೆ ಅಲ್ಲೇ ಬಿಟ್ಟು, ಕೈ ತೊಳೆದು, ಆರೋಗ್ಯ ಇಲಾಖೆಯ ದೂರಿನ ನಂಬರಿಗೆ ಫೋನು ಮಾಡಿದಳು.

ಶನಿವಾರ ಹನ್ನೊಂದು ಗಂಟೆಗೆ ಜೀಪು ಬಂತು. ಸಂಯುಕ್ತಾ ಎಂಬ ಒಬ್ಬ ಡಾಕ್ಟರು, ಕಡತ ಹಿಡಿದ ಗುಮಾಸ್ತರು, ಮೀಸೆ ನರೆತ ಒಬ್ಬ ಪೊಲೀಸು. ಗಲ್ಲಿಯ ಎಲ್ಲ ಬಾಗಿಲುಗಳೂ ಒಟ್ಟಿಗೇ ತೆರೆದವು. ಬಸುರಿಯ ಹೊಟ್ಟೆಯ ಮಗು ಗಂಡೋ ಹೆಣ್ಣೋ ಎಂದು ನೋಡಿ ಹೇಳುವುದು ದೊಡ್ಡ ಅಪರಾಧ, ನೋಂದಣಿಯಿಲ್ಲದೆ ಅಂಥ ಮಷೀನು ಮನೆಯಲ್ಲಿಡುವಂತಿಲ್ಲ, ಜಾಮೀನೂ ಸಿಗುವುದಿಲ್ಲ ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದರು. ಗುಮಾಸ್ತರು ಅದನ್ನೇ ತೆಲುಗಿನಲ್ಲಿ ಇನ್ನಷ್ಟು ಜೋರಾಗಿ ಹೇಳಿದರು. ಅಲಮಾರು ತೆರೆಸಿದರು. ಶಾಲು ಹೊದ್ದ ಮಷೀನು ಸಿಕ್ಕಿತು. ಹಣೆಯಲ್ಲಿ ಕುಂಕುಮವಿತ್ತು.

ಅದು ಲೋಹ ನೋಡುವ ಮಷೀನೆಂದು ನಾನು ವಾದಿಸಿದೆ. ಮನೆಯಲ್ಲಿ ಯಾವ ಲೋಹ ನೋಡುತ್ತಿದ್ದರು ಎಂದು ಡಾಕ್ಟರು ಕೇಳಿದರು. ಅಷ್ಟರಲ್ಲಿ ಗುಮಾಸ್ತರ ಕೈಗೆ ರಿಜಿಸ್ಟರು ಸಿಕ್ಕಿತು. ಕೊನೆಯ ಪುಟ ತೆರೆದು ಓದಿದರು. ಜಾಬ್ ಒಂದು, ಪಾಸು. ಜಾಬ್ ಎರಡು, ರಿಜೆಕ್ಟು, ಕೆಂಪು ಅಕ್ಷರ, ಕೆಳಗೆ ಸಹಿ, ತಾರೀಖು ಗುರುವಾರದ್ದು. ಪಾಸು ಎಂದರೆ ಗಂಡು, ರಿಜೆಕ್ಟು ಎಂದರೆ ಹೆಣ್ಣು, ಅಲ್ಲವೇ ಎಂದು ಡಾಕ್ಟರು ಸಂಗಣ್ಣನನ್ನು ನೋಡಿದರು. ಅವರ ಮುಖ ಬಿಗಿದಿತ್ತು. ಬಾಗಿಲಲ್ಲಿ ನಿಂತ ಭಾಗ್ಯಶ್ರೀ ಕಣ್ಣೊರೆಸಿಕೊಂಡಳು.

ಸಂಗಣ್ಣ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ತುಟಿ ಬಿಚ್ಚಲಿಲ್ಲ. ಒಳಬಾಗಿಲಿನ ಪರದೆಯ ಹಿಂದೆ ಶಾಂಭವಿ ನಿಂತಿದ್ದಳು, ಹೊರಗೆ ಇಡೀ ಗಲ್ಲಿ ನಿಂತಿತ್ತು. ಅಂಥ ಮೌನದ ನಡುವೆ ಎದ್ದು ಬಚ್ಚಲಿಗೆ ಹೋದ. ಬಂದು ಕೂತ. ಹತ್ತು ನಿಮಿಷಕ್ಕೆ ಮತ್ತೆ ಎದ್ದ. ಮೂರನೆಯ ಸಲ ಪೊಲೀಸು, ಒಳಗೆ ಏನೋ ಸಾಕ್ಷ್ಯ ನಾಶ ಮಾಡುತ್ತಿದ್ದಾನೆಂದು ಹಿಂದೆಯೇ ಹೋಗಿ ಬಾಗಿಲ ಹೊರಗೆ ಕಾವಲು ನಿಂತು, ತಿರುಗಿ ಬಂದು, ಏನೂ ನಾಶವಾದ ಹಾಗೆ ಕೇಳಿಸಲಿಲ್ಲ ಎಂದು ಡಾಕ್ಟರರಿಗೆ ವರದಿ ಒಪ್ಪಿಸಿದ.

ಗುಮಾಸ್ತರು ಪಂಚನಾಮೆ ಬರೆಯಲು ಕೂತರು. ನಾನು ಸಂಗಣ್ಣನ ಪಕ್ಕಕ್ಕೆ ಸರಿದೆ. ನಮ್ಮ ಗುಪ್ತ ಭಾಷೆ ಇದ್ದೇ ಇತ್ತಲ್ಲ. ಎದುರಿಗೆ ಕೂತಿದ್ದ ಡಾಕ್ಟರು ರಿಜಿಸ್ಟರಿನ ಪುಟ ತಿರುವುತ್ತಿದ್ದರು. ಅಂಗಳದವರಿಗೆ ಕೇಳದ ಹಾಗೆ ದನಿ ಇಳಿಸಿ ಮಾತಾಡಿದೆ.

"ಹೇಳ್ಬಿಡ್ರೀ ಸಂಗಣ್ಣ. ನಾನೂ ನೀವೂ ಮಲ್ಗಿದ್ದು, ಪ್ರಾಸ್ಟೇಟ್ ನೋಡ್ಕೊಂಡ್ವಿ ಅಂತ ಒಂದೇ ಮಾತು."

"ಬ್ಯಾಡ್ರಿ. ಜೇಲಿಗೆ ಹೋಗ್ತೀನಿ. ಶಾಂಭವಿ ಅಲ್ಲೇ ನಿಂತಾಳ."

"ಜೈಲಲ್ಲಿ ನಿಮ್ಮನ್ನ ಗಂಟೆಗೆ ನಾಕು ಸಲ ಬಿಡ್ತಾರೇನ್ರೀ?"

ಸಂಗಣ್ಣ ಬಚ್ಚಲಿನ ಕಡೆ ನೋಡಿದ. "ಅದನ್ನ ವಿಚಾರ ಮಾಡಿದ್ದಿಲ್ಲ ನೋಡ್ರಿ," ಎಂದ. ಆಮೇಲೆ, ಆ ಸ್ಕ್ಯಾನಿನ ಪ್ರೋಬು ನೆನಸಿಕೊಂಡರೇ ಜೀವ ಹೋಗುತ್ತದೆಂದೂ, ಹೇಗೂ ರಿಜೆಕ್ಟಾದವನು ಎಲ್ಲಿ ಸತ್ತರೇನೆಂದೂ ಹೇಳಿದ. ಜೊತೆಗೆ, ಈ ಅಮ್ಮನ ಮುಖ ನೋಡಿದರೆ ಲೆಕ್ಕದ ಮಾಸ್ತರಣಿ ಇದ್ದ ಹಾಗಿದ್ದಾಳೆ, ಬಿಡುವ ಪೈಕಿ ಅಲ್ಲ ಎಂದೂ ಸೇರಿಸಿದ.

ಡಾಕ್ಟರು ಪುಟ ತಿರುವುವುದನ್ನು ನಿಲ್ಲಿಸಿದರು. ಗುಮಾಸ್ತರನ್ನೂ ಪೊಲೀಸನ್ನೂ ಅಂಗಳಕ್ಕೆ ಕಳಿಸಿ, ಜನರನ್ನು ಗೇಟಿನಾಚೆ ನಿಲ್ಲಿಸಲು ಹೇಳಿ, ಬಾಗಿಲು ಮುಂದೆ ಮಾಡಿದರು. ಆಮೇಲೆ ಕುರ್ಚಿಯನ್ನು ನಮ್ಮ ಹತ್ತಿರ ಎಳೆದುಕೊಂಡು ಕೂತರು.

"ಎಷ್ಟ್ ತಿಂಗಳಾತು ಯಜಮಾನ್ರ, ಹಿಂಗ ಘಳಿಗಿಗೊಮ್ಮೆ ಏಳೂದು?" ಎಂದು ಕೇಳಿದರು.

ಅವರ ತಾಯಿಯ ತವರು ಭಾಲ್ಕಿಯಂತೆ. ಇದು ನಮಗೆ ಆಮೇಲೆ ಗೊತ್ತಾಯಿತು. ಆ ಗಳಿಗೆಯಲ್ಲಿ ನನಗೆ ಮೂವತ್ತಮೂರು ವರ್ಷದ ಸೀರೆ ಅಂಗಡಿಗಳು, ಬಸ್ಸುಗಳು, ಮೀಸೆಗಳು ಸಾಲಾಗಿ ನೆನಪಾದವು. ಅವರಲ್ಲಿ ಎಷ್ಟು ಜನರ ತಾಯಂದಿರ ತವರು ಎಲ್ಲಿತ್ತೋ ಯಾರಿಗೆ ಗೊತ್ತು. ಸಂಗಣ್ಣ ಲೆಕ್ಕದ ಮಾಸ್ತರಣಿಯ ಮುಂದೆ ನಿಂತ ಹುಡುಗನಂತೆ ಕೈಕಟ್ಟಿ, ಎಂಟು ತಿಂಗಳು ಎಂದು ಉತ್ತರ ಕೊಟ್ಟ. ಡಾಕ್ಟರು ರಿಜಿಸ್ಟರಿನ ನಡುವೆ ಗುರುತಿಗೆಂದು ಸಿಕ್ಕಿಸಿದ್ದ ಚೀಟಿಯನ್ನು ತೆಗೆದು ಬಿಚ್ಚಿದರು. ಅಬಿಡ್ಸಿನ ಚೀಟಿ.

"ಇದನ್ನ ಓದೀರೇನು?"

"ಇಲ್ರಿ."

"ಹೊಟ್ಟಿ ಮ್ಯಾಲಿಂದ ಅಂತ ಬರದಾರ. ನೀರು ಕುಡದು ಮಲಗಿದ್ರ ಆತು, ಹತ್ತು ನಿಮಿಷದ ಕೆಲಸ. ಹಿಂದಿನಿಂದ ಮಾಡೂದು ಬ್ಯಾರೆ ಐತಿ, ಅದು ಎಲ್ಲಾರಿಗೂ ಬೇಕಾಗಂಗಿಲ್ಲ."

ಸಂಗಣ್ಣ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದ. ಎಂಟು ದಿನದ ಕಳವಳ ಮುಖದಿಂದ ಇಳಿಯುವುದು ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಕೈಮುಗಿಯುತ್ತಿದ್ದರು. ಸಂಗಣ್ಣ, ನೀರು ಯಾಕೆ ಕುಡಿಯಬೇಕು ಎಂದು ಕೇಳಿದ. ಕರುಳಿನೊಳಗೆ ಗಾಳಿಯಿರುತ್ತದೆ, ಅದನ್ನು ಶಬ್ದ ದಾಟುವುದಿಲ್ಲ, ಮೂತ್ರಚೀಲ ತುಂಬಿದರೆ ಕರುಳು ಬದಿಗೆ ಸರಿದು ನೀರಿನ ಕಿಟಕಿ ತೆರೆದಂತಾಗುತ್ತದೆ, ಅದರ ಮೂಲಕ ಪ್ರಾಸ್ಟೇಟ್ ಕಾಣುತ್ತದೆ ಎಂದು ಡಾಕ್ಟರು ವಿವರಿಸಿದರು. ಸಂಗಣ್ಣ ತೊಡೆ ತಟ್ಟಿಕೊಂಡ. ಕಾರ್ಖಾನೆಯಲ್ಲಿ ಗಂಜಿ ಬಳಿಯುವುದೂ ಅದಕ್ಕೇ, ಪ್ರೋಬಿಗೂ ಉಕ್ಕಿಗೂ ನಡುವೆ ಗಾಳಿ ಉಳಿಯಬಾರದು ಎಂದ. ಹಾಗಾದರೆ ನಾನು ಮೇಲೆ ಗಂಜಿ ಹಚ್ಚಿದೆ, ಒಳಗಿನ ಗಂಜಿ ಮರೆತೆ ಎಂದು ತನ್ನನ್ನೇ ಬೈದುಕೊಂಡ. ಅಲ್ಲಿಂದ ಇಬ್ಬರೂ ಮೆಗಾಹರ್ಟ್ಸಿಗೆ ಇಳಿದರು. ಮಷೀನು ಹಚ್ಚಿ ನೋಡಿದರು. ಅದರಲ್ಲಿ ಗೆರೆಯ ಗುಡ್ಡಗಳಲ್ಲದೆ ಚಿತ್ರವೇ ಮೂಡುವುದಿಲ್ಲ, ಕೂಸೂ ಕಾಣುವುದಿಲ್ಲ, ಪ್ರಾಸ್ಟೇಟೂ ಕಾಣುವುದಿಲ್ಲ ಎಂಬುದು ಡಾಕ್ಟರರಿಗೆ ಖಾತ್ರಿಯಾಯಿತು. ಅಂಗಳದಲ್ಲಿ ಗುಮಾಸ್ತರು ಆಕಳಿಸುವುದು ಕೇಳುತ್ತಿತ್ತು.

ಹರಾಜಿನ ಕಾಗದ ನೋಡಿ, ಇನ್ನು ಮೇಲೆ ಜೀವವಿರುವ ಯಾವುದರ ಮೇಲೂ ಇದನ್ನು ಆಡಿಸುವುದಿಲ್ಲ ಎಂದು ಬರೆಸಿಕೊಂಡು ಡಾಕ್ಟರು ಎದ್ದರು. ಬಾಗಿಲು ತೆರೆದು ಗಲ್ಲಿಯವರಿಗೆ, ಲೋಹ ನೋಡುವ ಮಷೀನು, ಬೇರೇನಿಲ್ಲ ಎಂದಷ್ಟೇ ಹೇಳಿದರು. ಭಾಗ್ಯಶ್ರೀಯನ್ನು ಕರೆದು ಬೆನ್ನು ತಟ್ಟಿದರು. ಅವಳು ಸಂಗಣ್ಣನ ಮುಂದೆ ಬಂದು, "ತಪ್ಪು ತಿಳಕೋಬ್ಯಾಡ್ರಿ ಕಾಕಾ. ಇನ್ನೊಮ್ಮೆ ಮಷೀನ್ ಕಂಡ್ರ ಮತ್ತ ಫೋನ್ ಮಾಡ್ತೀನಿ," ಎಂದಳು. ಮಾಡಲೇಬೇಕು ಎಂದ ಸಂಗಣ್ಣ. ತಪಾಸಣೆಯವನು ತಪಾಸಣೆಯವರನ್ನು ಗುರುತಿಸುತ್ತಾನೆ. ವಿಶಾಲಾಕ್ಷಿ ಎರಡು ದಿನ ಕಟ್ಟೆಗೆ ಬರಲಿಲ್ಲ. ಜೀಪು ಹತ್ತುವ ಮುಂಚೆ ಮೀಸೆ ನರೆತ ಪೊಲೀಸು ನನ್ನನ್ನು ಪಕ್ಕಕ್ಕೆ ಕರೆದು, ಹೊಟ್ಟೆಯ ಮೇಲಿನಿಂದಲೇ ನೋಡುವ ಆ ಸ್ಕ್ಯಾನಿನ ವಿಳಾಸ ಕೇಳಿದ. ತನ್ನ ಭಾವಮೈದುನನಿಗಂತೆ. ಅಂಗಳದಲ್ಲಿ ನಿಂತವನಿಗೆ ಒಳಗಿನ ಮಾತು ಹೇಗೆ ಕೇಳಿತು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಪರದೆ ಸರಿಸಿ ಶಾಂಭವಿ ಹೊರಗೆ ಬಂದಳು. ಸಂಗಣ್ಣ ನೆಲ ನೋಡತೊಡಗಿದ.

"ಎಂಟು ತಿಂಗಳಿಂದ ಬಚ್ಚಲದಾಗ ದಿನಾ ಎರಡು ಕೊಡ ಜಾಸ್ತಿ ತುಂಬಾಕತ್ತೀನಿ," ಎಂದಳು. "ಮನ್ಯಾಗ ಇರೂದು ಇಬ್ರ. ನೀವಾಗೇ ಹೇಳ್ತೀರಂತ ಕಾದೆ. ಉಕ್ಕಿನಾಗಿನ ಬಿರುಕು ಕಾಣ್ತೈತಿ ನಿಮಗ, ಹೆಂಡ್ತಿ ಮುಖಾ ಕಾಣಂಗಿಲ್ಲ."

ಸಂಗಣ್ಣನ ಕಣ್ಣಲ್ಲಿ ನೀರು ಬಂತು. ಅದನ್ನು ಮರೆಸಲು ಎದ್ದು ಬಚ್ಚಲಿಗೆ ಹೋದ. ಆ ಒಂದು ಸಲ ಮಾತ್ರ ಅವನು ಅಗತ್ಯವಿಲ್ಲದೆ ಹೋದದ್ದು.

ಸೋಮವಾರ ಅಬಿಡ್ಸಿನ ಸ್ಕ್ಯಾನ್ ಸೆಂಟರಿಗೆ ಹೊರಟೆವು. ಶಾಂಭವಿ ತಾನೂ ಬರುತ್ತೇನೆಂದಳು. ಅಲ್ಲಿ ನೀನು ಕೂತರೆ ತಡೆದುಕೊಳ್ಳುವುದು ಇನ್ನೂ ಕಷ್ಟ ಎಂದು ಸಂಗಣ್ಣ ಬೇಡಿಕೊಂಡ. ಕೌಂಟರಿನಲ್ಲಿ ಅವನು ಎರಡು ಹೆಸರು ಬರೆಸಿದ. ಎರಡನೆಯದು ನನ್ನದು. ನಾನು ಗಾಬರಿಯಾಗಿ, ನನಗೇನೂ ತ್ರಾಸಿಲ್ಲ ಎಂದು ಗುರುವಾರದ ಪಾಠವನ್ನೇ ಒಪ್ಪಿಸಿದೆ. ಅದಕ್ಕೇ ಬೇಕಾಗಿದ್ದೀರಿ, ಹೊಸ ಮಷೀನಾದರೂ ಕಾಯಿದೆ ಹಳೆಯದೇ, ಸ್ಟ್ಯಾಂಡರ್ಡ್ ಪೀಸು ಮೊದಲು ಎಂದ. ಜಗಳ ಮಾಡಿದರೆ ಅನುಮಾನ ಬರುತ್ತದೆಂದು ಸುಮ್ಮನಾದೆ.

ಒಂದೊಂದು ಲೀಟರ್ ನೀರು ಕುಡಿಸಿ ಕೂರಿಸಿದರು. ಆ ಬೆಂಚಿನ ಮೇಲೆ ಕಳೆದ ಒಂದು ತಾಸನ್ನು ನಾನು ವರ್ಣಿಸುವುದಿಲ್ಲ. ಸಂಗಣ್ಣ ಕಾಲ ಮೇಲೆ ಕಾಲು ಹಾಕಿ, ಕಾಲು ಬದಲಿಸಿ, ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಹಿಂದುಮುಂದಾಗಿ ಎಣಿಸುತ್ತಿದ್ದ. ನಾನೂ ಎಣಿಸುತ್ತಿದ್ದೆ. ಯಾರೋ ನಲ್ಲಿ ಬಿಟ್ಟರು. ಇಬ್ಬರೂ ಒಟ್ಟಿಗೇ ಎದ್ದು ನಿಂತು, ಒಬ್ಬರನ್ನೊಬ್ಬರು ನೋಡಿ ಒಟ್ಟಿಗೇ ಕೂತೆವು. ಆಗ ಅವನು ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದ.

ಒಳಗಿನದ್ದು ನಿಜಕ್ಕೂ ಹತ್ತೇ ನಿಮಿಷ. ಗಂಜಿಯ ಬದಲು ಪಾರದರ್ಶಕ ಜೆಲ್ಲು, ಬೆಚ್ಚಗಿತ್ತು. ಪ್ರೋಬು ಹೊಟ್ಟೆಯ ಮೇಲೆಯೇ ಆಡಿತು, ಮೇಲೆಯೇ ಉಳಿಯಿತು. ಸಂಗಣ್ಣನ ಸರದಿ ಬಂದಾಗ ಅವನು ಪರದೆ ತನ್ನ ಕಡೆ ತಿರುಗಿಸಲು ಕೇಳಿ, ಕಪ್ಪನೆಯ ನೀರಿನ ಕಿಟಕಿಯನ್ನೂ ಅದರ ಕೆಳಗಿನ ಬೂದು ಉಂಡೆಯನ್ನೂ ಬೆರಗಿನಿಂದ ನೋಡುತ್ತಾ, ಎದ್ದು ಹೋಗುವುದನ್ನೇ ಮರೆತನಂತೆ.

ವರದಿ ಕೈಗೆ ಬಂತು. ಸಂಗಣ್ಣನ ಗ್ರಂಥಿ ಮೂವತ್ತೆಂಟು ಗ್ರಾಂ, ಇರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು. ಅಬಿಡ್ಸಿನ ಡಾಕ್ಟರು ನೋಡಿ, ಒಂದು ರಕ್ತಪರೀಕ್ಷೆ ಮಾಡಿಸಿ, ಗುಳಿಗೆಯಲ್ಲಿ ಹೋಗುತ್ತದೆ, ಗುಜರಿಗೆ ಹಾಕುವಂಥದ್ದೇನೂ ಅಲ್ಲ ಎಂದರು. ಗುಜರಿಯ ಪ್ರಶ್ನೆ ಸಂಗಣ್ಣನೇ ಕೇಳಿದ್ದು. ಆಮೇಲೆ ಅವರು ಎರಡನೆಯ ಹಾಳೆ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು. ತಿಪ್ಪೇಸ್ವಾಮಿ, ಐವತ್ತೆರಡು ಗ್ರಾಂ. ಎಷ್ಟು ದಿನದಿಂದ ತೊಂದರೆ ಎಂದು ನನ್ನನ್ನು ಕೇಳಿದರು.

ಸಂಗಣ್ಣ ನಗಲಿಲ್ಲ. ಚೀಲದಿಂದ ರಿಜಿಸ್ಟರು ತೆಗೆದು ಡಾಕ್ಟರರ ಮೇಜಿನ ಮೇಲೆಯೇ ಬಿಚ್ಚಿ, ಜಾಬ್ ಒಂದರ ಮುಂದಿನ ಪಾಸನ್ನು ಹೊಡೆದುಹಾಕಿ, ಕೆಂಪು ಪೆನ್ನಿನಲ್ಲಿ 'ಸ್ಟ್ಯಾಂಡರ್ಡೇ ದೋಷಯುಕ್ತ, ಸಮಸ್ತ ತಪಾಸಣೆ ರದ್ದು' ಎಂದು ಬರೆದು ಸಹಿ ಹಾಕಿದ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡ.

"ನನಗರ ಹೇಳಬಾರ್ದಿತ್ತೇನ್ರಿ ಸ್ವಾಮೇರ?"

"ನೀವು ಪೆನ್ ಹಿಡ್ಕೊಂಡು ಕೇಳಿದ್ರಿ," ಎಂದೆ.

ಮನೆಗೆ ಬರುವಾಗ ನನ್ನ ವರದಿಯನ್ನು ಪತ್ರಿಕೆಯೊಳಗೆ ಮಡಚಿ, ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಸಂಗಣ್ಣ ಅಬಿಡ್ಸಿನಿಂದಲೇ ಶಾಂಭವಿಗೆ ಫೋನು ಮಾಡಿ ತನ್ನ ಲೆಕ್ಕ ಹೇಳಿದ್ದ, ನನ್ನದನ್ನು ಹೇಳುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿಕೊಂಡಿದ್ದೆ. ಸಾವಿತ್ರಿ ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಚಪ್ಪಲಿ ಬಿಟ್ಟು, ಆದಷ್ಟು ನಿಧಾನವಾಗಿ ನಡೆದು, ಹಿತ್ತಲ ಕಡೆ ಹೊರಟೆ.

"ಶಾಂಭವಿ ಫೋನ್ ಮಾಡಿದ್ಲು, ಅವರದ್ದು ಮೂವತ್ತೆಂಟಂತೆ," ಎಂದಳು ಅವರೆಕಾಯಿಯಿಂದ ತಲೆಯೆತ್ತದೆ. "ನಿಮ್ದೆಷ್ಟು ಬಂತು?"

ಕಂಕುಳಿನ ಪತ್ರಿಕೆ ಜಾರಿತು. ಎತ್ತಿಕೊಳ್ಳಲು ಬಗ್ಗಿದರೆ ಎಲ್ಲಿ ಏನಾಗುತ್ತದೋ ಎಂಬ ಭಯ. ನಿಂತಲ್ಲಿಂದಲೇ ಐವತ್ತೆರಡು ಎಂದೆ.

ಸಾವಿತ್ರಿ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿ, ಕೈ ಒರೆಸಿಕೊಂಡು, ಫೋನು ಎತ್ತಿಕೊಂಡಳು. "ಶಾಂಭವೀ, ನಾನು ಹೇಳಿರ್ಲಿಲ್ವಾ," ಎಂದು ಶುರುಮಾಡಿ, ನನ್ನ ಕಡೆ ನೋಡಿ, ಹೋಗಿ ಬನ್ನಿ ಎಂದು ಹಿತ್ತಲಿಗೆ ಕೈ ತೋರಿಸಿದಳು. ಕೊಡ ತುಂಬಿಸಿಟ್ಟಿತ್ತು.